ಹೂಂ ಎನ್ನುವವರೆಗೆ

ಜಿಮ್ನಾಸ್ಟಿಕ್ಸ್ ಬಾರಿನ ಕೆಳಗೆ ನಿಲ್ಲುವ ಮೊದಲು ಅಕ್ಕೋರು ಕೊರಳಿನ ಕರಿಮಣಿಯನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಅಂಗೈಗೆ ಬಿಳಿ ಪುಡಿ ತಿಕ್ಕಿ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಕರಿಮಣಿ ಕಚ್ಚಿ, ಕಾಲು ಅಗಲಿಸಿ ಮ್ಯಾಟಿನ ಮೇಲೆ ನಿಂತರೆಂದರೆ ಅಭ್ಯಾಸ ಶುರು. ಸರ ಹಾಗೇ ಜೋತಾಡುತ್ತಿದ್ದರೆ ಮೇಲಿನಿಂದ ಬೀಸಿಕೊಂಡು ಬರುವ ಹುಡುಗಿಯ ಬೆರಳು ಅದಕ್ಕೆ ಸಿಕ್ಕಿಕೊಳ್ಳುವ ಭಯ. "ಮನೇಲೇ ಬಿಚ್ಚಿಟ್ಟು ಬನ್ನಿ ಅಕ್ಕೋರೇ" ಎಂದು ನಾನೇ ಒಮ್ಮೆ ಹೇಳಿದ್ದೆ.

"ಗಂಡ ಬೋಟಿನ ಮೇಲಿರೂವಾಗ ಕರಿಮಣಿ ಬಿಚ್ಚೂದಾ? ಎಂತ ಹುಡ್ಗಿಯೇ ನೀನು! ನಮ್ಮತ್ತೆಗೆ ಗೊತ್ತಾದ್ರೆ ನನ್ನ ಬಲೆ ಒಳಗೆ ಸುತ್ತಿ ಸಮುದ್ರಕ್ಕೆ ಬಿಡ್ತ್ರು" ಎಂದು ನಕ್ಕಿದ್ದರು.

ನಕ್ಕರೂ ಬಿಚ್ಚಲಿಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡ ಸೇರಿ ಗಂಡ ಮನೆಯಲ್ಲೇ ಕೂತಿದ್ದ ದಿನಗಳಲ್ಲೂ ಬಿಚ್ಚಲಿಲ್ಲ. ಅಷ್ಟರಲ್ಲಿ ಕಚ್ಚಿಕೊಳ್ಳುವುದೇ ಅವರ ಕೆಲಸದ ರೀತಿಯಾಗಿಬಿಟ್ಟಿತ್ತು.

ಕಚ್ಚಿದ ಬಾಯಿಂದ ಮಾತು ಬರುವುದಿಲ್ಲ. ಆದ್ದರಿಂದ ಬಾರಿನ ಕೆಳಗೆ ಅವರಿಗಿದ್ದದ್ದು ಒಂದೇ ಶಬ್ದ: ಹೂಂ. ಗಂಟಲಿನಿಂದ ಬರುವ, ಮ್ಯಾಟಿನ ಆಚೆ ಕೂತವರಿಗೆ ಕೇಳದ ಸಣ್ಣ ಹೂಂ. ಬೀಸಿ ಬೀಸಿ ಕೊನೆಯಲ್ಲಿ ಬಾರಿನಿಂದ ಹಾರಿ ಇಳಿಯುವ ಹೊತ್ತಿಗೆ ಅದು ಬಂದರೆ ಕೈ ಬಿಡಬೇಕು. ಬರದಿದ್ದರೆ ಬಿಡುವಂತಿಲ್ಲ, ಇನ್ನೊಮ್ಮೆ ಬೀಸಿಕೊಂಡು ಬಂದು ಮತ್ತೆ ಕಾಯಬೇಕು. ಯಾಕೆ ಬರಲಿಲ್ಲ ಎಂದು ಮೇಲಿದ್ದವಳು ಕೇಳಬಾರದು. "ಯೋಚ್ನೆ ಎಲ್ಲ ಕೆಳಗಿದ್ದವಳಿಗೆ. ಮೇಲಿದ್ದವಳಿಗೆ ಕೈ ಒಂದೇಯ" ಎಂದು ಅಭ್ಯಾಸ ಮುಗಿದ ಮೇಲೆ, ಸರವನ್ನು ಬಾಯಿಂದ ತೆಗೆದು ವೇಲಿನ ತುದಿಯಿಂದ ಒರೆಸಿಕೊಳ್ಳುತ್ತ ಹೇಳುತ್ತಿದ್ದರು.

ನಾನು ಆಗ ಹೊನ್ನಾವರದ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಮನೆ ಕುಮಟಾದಲ್ಲಿ, ದಿನಾ ಬೆಳಿಗ್ಗೆ ಬಸ್ಸು. ಕಾಲೇಜಿನ ಹಿಂದೆ ಶೀಟು ಹೊದಿಸಿದ ಒಂದು ಉದ್ದನೆಯ ಹಾಲ್ ಇತ್ತು. ಘಟ್ಟದ ಮೇಲಿನ ಯಾವುದೋ ಕಾಲೇಜು ಹೊಸತು ಕೊಂಡಾಗ ಬಿಟ್ಟುಕೊಟ್ಟ ಜಿಮ್ನಾಸ್ಟಿಕ್ಸ್ ಸಾಮಾನುಗಳು ಅಲ್ಲಿದ್ದವು. ಅದರಲ್ಲಿ ನಮ್ಮ ಪಾಲಿನದ್ದು ಎತ್ತರಕ್ಕೊಂದು ತಗ್ಗಿಗೊಂದು ಇರುವ ಜೋಡಿ ಬಾರು. ಹುಡುಗಿಯರ ತಂಡ ಎಂದು ಕರೆಯಲು ಸಾಲುವಷ್ಟು ಜನ ನಾವಿದ್ದೆವು, ಅದಕ್ಕಿಂತ ಹೆಚ್ಚಲ್ಲ.

ಕೋಚ್ ಎಂದರೆ ದೈಹಿಕ ಶಿಕ್ಷಣದ ಸರ್. ಇವರು ಅಸಿಸ್ಟೆಂಟ್ ಕೋಚ್. ಹಾಲಿನ ಬಾಗಿಲಿನ ಬೋರ್ಡಿನಲ್ಲಿ ಸರ್ ಹೆಸರಿತ್ತು, ಇವರದು ಇರಲಿಲ್ಲ. ಶಾಲೆಯಲ್ಲಿ ಹೆಣ್ಣು ಶಿಕ್ಷಕಿಯರನ್ನು ಕರೆದು ರೂಢಿಯಾದ ಬಾಯಿಗೆ ಇವರೂ ಅಕ್ಕೋರೇ ಆದರು. ಹೆಸರಿನ ಅಗತ್ಯ ನಮಗೆ ಬೀಳಲೇ ಇಲ್ಲ.

ಸರ್ ಕೆಟ್ಟವರಲ್ಲ. ತಿಳಿದವರು, ತಾಳ್ಮೆಯವರು. ಕುರ್ಚಿ ಹಾಕಿ ಕೂತು, ಮೊಣಕಾಲು ಎಲ್ಲಿ ಮಡಚಿತು, ಸೊಂಟ ಎಲ್ಲಿ ಕುಸಿಯಿತು ಎಂದು ಹೇಳುತ್ತಿದ್ದರು. ಆದರೆ ಗಂಡಸು ಹುಡುಗಿಯರ ಸೊಂಟಕ್ಕೆ ಕೈ ಹಾಕಿ ಹಿಡಿದರೆ ನಮ್ಮ ಕಡೆ ಯಾವ ಮನೆಯವರು ಕಳಿಸುತ್ತಾರೆ? ಹಿಡಿಯದೆ ಈ ವಿದ್ಯೆ ಬರುವುದಿಲ್ಲ. ಅದಕ್ಕೇ ಒಬ್ಬ ಹೆಂಗಸು ಬೇಕಾಗಿ, ಸರ್ ಅವರೇ ಕಾಸರಕೋಡಿಗೆ ಹೋಗಿ ಕರೆತಂದಿದ್ದರು. ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಅಕ್ಕೋರು ಅಲ್ಲಿನ ಮೀನುಗಾರರ ಮನೆಯವರು. ಸಣ್ಣವರಿದ್ದಾಗ ಬೋಟಿಗೂ ದಡದ ದಕ್ಕೆಗೂ ನಡುವೆ ಹಾಕಿದ ಹಲಗೆಯ ಮೇಲೆ ಕೈ ಊರಿ ಕಾಲು ಮೇಲೆ ಮಾಡಿ ನಡೆಯುತ್ತಿದ್ದುದನ್ನು ಕಂಡು ಶಾಲೆಯ ಮಾಸ್ತರೊಬ್ಬರು ಆಟಕ್ಕೆ ಸೇರಿಸಿದ್ದರಂತೆ. ರಾಜ್ಯಮಟ್ಟದವರೆಗೆ ಹೋದರು, ಮದುವೆಯಾಯಿತು, ಮಗನಾದ, ಆಟ ಬಿಟ್ಟುಹೋಯಿತು. ಸರ್ ಕರೆಯಲು ಹೋದ ದಿನ ಅವರು ಅಂಗಳದಲ್ಲಿ ಬಂಗಡೆ ಒಣಗಿಸುತ್ತಿದ್ದರು. "ಕೈ ತೊಳ್ಕಂಡು ಬರ್ತೆ ಅಂದೆ. ಇನ್ನೂ ವಾಸ್ನೆ ಹೋಗಲಿಲ್ಲ ನೋಡು" ಎಂದು ತಮ್ಮ ಅಂಗೈಯನ್ನು ನಮ್ಮ ಮೂಗಿಗೆ ಒಡ್ಡುತ್ತಿದ್ದರು. ಪುಡಿಯ ವಾಸನೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಹೀಗೆ ಸರ್ ಮಾತು, ಅಕ್ಕೋರು ಕೈ. ಅವರ ಮುಂಗೈಯಲ್ಲಿ ಯಾವಾಗಲೂ ಒಂದೆರಡು ನೀಲಿ ಕಲೆ ಇರುತ್ತಿದ್ದವು. ನಮ್ಮ ಹಿಮ್ಮಡಿ, ಮೊಣಕಾಲು ತಾಗಿದ್ದು. ಹೊಸದಾಗಿ ಸೇರಿದವಳು ಹೆದರಿ ಕ್ಷಮೆ ಕೇಳಿದರೆ, "ಮುಂದಿನ ಸಲ ಈ ಕಲೆ ಮೇಲೇ ಹೊಡಿ, ಹೊಸ ಜಾಗ ಹಾಳು ಮಾಡ್ಬೇಡ" ಎನ್ನುವರು.

ಅಸಿಸ್ಟೆಂಟ್ ಕೋಚ್ ಎಂದರೆ ಹಿಡಿಯುವುದಷ್ಟೇ ಕೆಲಸವಾಗಿರಲಿಲ್ಲ. ಮ್ಯಾಟು ಬಿಸಿಲಿಗೆ ಹಾಕುವುದು, ಹುಡುಗಿಯರ ಮನೆಗೆ ಹೋಗಿ ಒಪ್ಪಿಸುವುದು, ತಿಂಗಳ ದಿನಗಳಲ್ಲಿ ಯಾರನ್ನು ಬಾರು ಹತ್ತಿಸಬಾರದು ಎಂದು ಸರ್‌ಗೆ ಹೇಳದೆ ಹೇಳುವುದು, ಎಲ್ಲ ಅವರದೇ. ನಾಗವೇಣಿಯ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ನಾಗವೇಣಿ ಮಂಕಿ ಊರಿನವಳು, ನನ್ನ ತರಗತಿಯವಳು, ಮಾತು ಕಡಿಮೆ, ತೋಳು ಗಟ್ಟಿ. ತಂಡಕ್ಕೆ ಬೇಕೇಬೇಕು. ಅವಳ ತಾಯಿ ತೆಂಗಿನ ಗರಿ ಹೆಣೆಯುತ್ತ ಕೂತಿದ್ದವರು ತಲೆ ಎತ್ತದೆ ಕೇಳಿದರು:

"ಆ ಮೈಗಂಟಿದ ಅಂಗಿ ಹಾಕ್ಕಂಡು ಗಂಡಸರ ಎದ್ರಿಗೆ ಲಾಗ ಹಾಕೂದು ಅಲ್ದಾ?"

"ಹೌದು. ಒಳಗೆ ಉದ್ದ ಚಡ್ಡಿ ಇರ್ತದೆ" ಎಂದರು ಅಕ್ಕೋರು.

"ನಾಳೆ ಹೆಣ್ಣು ನೋಡೂಕೆ ಬಂದವ್ರು ಕೇಳಿದ್ರೆ ಎಂತ ಹೇಳೂದು?"

"ಮರ ಹತ್ತೂಕೆ ಆಳು ಬೇಡ, ಹುಡ್ಗಿಯೇ ಹತ್ತಿ ತೆಂಗಿನಕಾಯಿ ಕೊಯ್ತಾಳೆ ಹೇಳಿ. ನಾಳೆಯೇ ಮದುವೆ ಆಗ್ತ್ರು."

ತಾಯಿಗೆ ನಗು ಬಂತು, ತಡೆದುಕೊಂಡರು. ಗರಿ ಪಕ್ಕಕ್ಕಿಟ್ಟು ಕೇಳಿದರು: "ನಗಾಡೂದು ಬಿಡಿ ಅಕ್ಕೋರೇ. ಬಿದ್ರೆ?"

ಅಕ್ಕೋರು ನಗು ಬಿಟ್ಟು ಹೇಳಿದರು: "ಬೀಳ್ತಾಳೆ. ಬೀಳೂದಿಲ್ಲ ಅಂದ್ರೆ ಸುಳ್ಳಾಗ್ತದೆ. ಕೆಳಗೆ ನಾ ಇರ್ತೆ."

"ಆತು ಹಂಗಾರೆ" ಎಂದರು ತಾಯಿ.

ಇನ್ನು ಬಾರಿನ ವಿಷಯ. ಅದನ್ನು ಹೇಳದೆ ಆ ದಿನದ್ದು ಅರ್ಥವಾಗುವುದಿಲ್ಲ. ಬಾರಿನ ಚೌಕಟ್ಟು ನೆಲದಲ್ಲಿ ಹುಗಿದದ್ದಲ್ಲ. ನಾಲ್ಕು ಮೂಲೆಯಿಂದ ನಾಲ್ಕು ಉಕ್ಕಿನ ಹಗ್ಗಗಳು ಅದನ್ನು ಎಳೆದು ಹಿಡಿದಿರುತ್ತವೆ. ಪ್ರತಿ ಹಗ್ಗದ ಬುಡದಲ್ಲಿ, ನೆಲದ ಕೊಂಡಿಯ ಹತ್ತಿರ, ತಿರುಗಿಸಿ ಬಿಗಿಮಾಡುವ ಒಂದು ತಿರುಪು. ನಮ್ಮ ಊರಿನ ಗಾಳಿಯಲ್ಲಿ ಉಪ್ಪಿದೆ. ಒಂದು ಮಳೆಗಾಲ ಕಳೆದರೆ ತಿರುಪು ತುಕ್ಕು ಹಿಡಿದು ಅಲ್ಲಾಡುವುದಿಲ್ಲ. ಅದಕ್ಕೆ ಅಕ್ಕೋರು ಗಂಡನ ಬೋಟಿನಿಂದ ಗ್ರೀಸ್ ತಂದು ಹಚ್ಚುತ್ತಿದ್ದರು. ಗ್ರೀಸ್ ಹಚ್ಚಿದ ತಿರುಪಿಗೆ ಇನ್ನೊಂದು ಗುಣ: ಬಾರು ಜಗ್ಗಿದ ಹಾಗೆಲ್ಲ ತಾನಾಗಿಯೇ ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಹಾಗಾಗದಂತೆ, ಬಿಗಿ ಮಾಡಿದ ಮೇಲೆ ಬಲೆ ಹೆಣೆಯುವ ಹಸಿರು ನೈಲಾನ್ ಹುರಿಯನ್ನು ತಿರುಪಿನ ಕಣ್ಣಿನಲ್ಲಿ ತೂರಿಸಿ ಹಗ್ಗಕ್ಕೆ ಕಟ್ಟಿಬಿಡುತ್ತಿದ್ದರು. ಬೋಟಿನಲ್ಲಿ ಮಾಡುವುದೇ ಹಾಗೆ. ಹಸಿರು ಹುರಿಯ ಗಂಟುಗಳು, ಅದರ ಬಾಲಗಳು ನಾಲ್ಕೂ ಮೂಲೆಯಲ್ಲಿ ಜೋತಾಡುತ್ತಿದ್ದವು. ನೋಡಲು ಚೆನ್ನಾಗಿರಲಿಲ್ಲ, ನಿಜ.

ನಾನು ಕೊನೆಯ ವರ್ಷದಲ್ಲಿದ್ದಾಗ ಸರ್ ನಿವೃತ್ತಿಯ ಮಾತು ಬಂತು. ಅವರ ಜಾಗಕ್ಕೆ ಅಕ್ಕೋರೇ ಕೋಚ್ ಆಗಬೇಕು ಎಂಬುದು ಸರ್ ಆಸೆ. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಅನುಮಾನ: ಹೆಂಗಸು, ಊರಿನವಳೇ, ಅಷ್ಟು ವರ್ಷ ಅಸಿಸ್ಟೆಂಟ್ ಆಗಿದ್ದವಳು, ಒಂದು ತಂಡವನ್ನು ನಡೆಸಿಯಾಳೇ? ಹಾಗಾದರೆ ನೀವೇ ಬಂದು ನೋಡಿ ಎಂದು ಸರ್, ಆ ವರ್ಷದ ಅಂತರ್ ಕಾಲೇಜು ಕೂಟವನ್ನು ನಮ್ಮ ಹಾಲಿನಲ್ಲೇ ಇರಿಸಿಕೊಂಡರು. ಆ ಒಂದು ದಿನ ಸರಿಯಾಗಿ ನಡೆದರೆ ಅಕ್ಕೋರು ಕೋಚ್. ಇದು ನಮಗೆಲ್ಲ ಗೊತ್ತಿತ್ತು. ಅಕ್ಕೋರು ಆ ವಾರ ಯಾರನ್ನೂ ತಮಾಷೆ ಮಾಡಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ಹಾಲಿನ ಗೋಡೆಗೆ ಸುಣ್ಣ ಬಳಿದಾಗಿತ್ತು. ಸರ್ ಸುತ್ತ ಒಂದು ಸಲ ತಿರುಗಿ ನೋಡಿದವರು ಬಾರಿನ ಹತ್ತಿರ ನಿಂತರು.

"ಇದೆಂತದು ಮಾರಾಯ್ತಿ, ಮೀನು ಪೇಟೆ ಹಾಂಗೆ? ಈ ಹಸಿರು ಹುರಿ ಎಲ್ಲ ತೆಗಿ."

"ಸರ್, ಅದಿದ್ರೆ ಒಳ್ಳೇದು" ಎಂದರು ಅಕ್ಕೋರು.

"ಒಂದು ದಿನದ ಮಟ್ಟಿಗೆ. ಬಿಗಿಯಾಗಿ ತಿರುಗಿಸಿ ಬಿಡು, ಸಾಕು. ಅಧ್ಯಕ್ಷರು ಬಂದು ನೋಡುವಾಗ ಇವಳು ಕೋಚಾ, ಬೋಟಿನವಳಾ ಅನ್ನಬಾರದು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ನಾನು."

ಅದು ನಿಜವೇ ಆಗಿತ್ತು. ಅವರ ಒಳ್ಳೆಯದಕ್ಕೇ ಹೇಳಿದ್ದು. ಅಕ್ಕೋರು ಕತ್ತರಿ ತಂದು, ಮಂಡಿಯೂರಿ, ಒಂದೊಂದೇ ಮೂಲೆಯ ಹುರಿ ಕತ್ತರಿಸಿದರು. ತುಂಡುಗಳನ್ನು ಎಸೆಯದೆ ವೇಲಿನ ತುದಿಗೆ ಗಂಟು ಹಾಕಿಕೊಂಡರು. ಮೈಯೆಲ್ಲ ಭಾರ ಹಾಕಿ ತಿರುಪುಗಳನ್ನು ಇನ್ನೊಮ್ಮೆ ತಿರುಗಿಸಿದರು.

ಕೂಟದ ದಿನ ಬೆಳಿಗ್ಗೆ ನಮ್ಮೆಲ್ಲರ ಜಡೆ ಅವರೇ ಹಾಕಿದರು. ಯಾವಾಗಲೂ ಅವರೇ. ಕೂದಲು ಕಣ್ಣಿಗೆ ಬರಬಾರದೆಂದು ಹಣೆಯ ಚರ್ಮ ಮೇಲೆದ್ದು ಹುಬ್ಬು ಎಳೆಯುವಷ್ಟು ಬಿಗಿ. ಅಯ್ಯೋ ಎಂದರೆ ಇನ್ನೂ ಬಿಗಿ. ನನ್ನ ಜಡೆ ಹೆಣೆಯುತ್ತ ಹೇಳಿದರು: "ಬಾರಿಗೆ ಇವತ್ತು ನಾಗವೇಣಿ ಮೊದ್ಲು ಹೋಗ್ಲಿ. ನೀ ಅದರ ನಂತ್ರ."

ತಂಡದಲ್ಲಿ ಬಾರಿಗೆ ಯಾವಾಗಲೂ ಮೊದಲು ಹೋಗುವವಳು ನಾನು. "ಯಾಕೆ?" ಎಂದೆ.

"ಹಂಗೇಯ. ತಲೆ ಅಲ್ಲಾಡಿಸ್ಬೇಡ."

ನನಗೆ ಬೇಸರವಾಯಿತು. ಅಧ್ಯಕ್ಷರು, ಕ್ಯಾಮೆರಾ, ಎಲ್ಲರೂ ಮೊದಲನೆಯವಳನ್ನೇ ನೋಡುವುದು ಎಂಬುದು ನನ್ನ ಲೆಕ್ಕ.

ಬಾರಿನ ಸರದಿ ಬಂದಾಗ ಹಾಲ್ ಜನರಿಂದ ತುಂಬಿತ್ತು. ಅಕ್ಕೋರು ಕರಿಮಣಿ ಕಚ್ಚಿ ಮ್ಯಾಟಿನ ಮೇಲೆ ಬಂದು ನಿಂತರು. ತೀರ್ಪುಗಾರರ ಮೇಜಿನಿಂದ ಒಬ್ಬ ಮೇಡಂ ಕೂಗಿ ಹೇಳಿದರು: "ಕೋಚ್ ಹಿಂದೆ ಸರೀರಿ. ಹುಡುಗೀನ ಮುಟ್ಟಿದ್ರೆ ಅಂಕ ಹೋಗ್ತಾವ. ಮಾತಾಡಿ ಹೇಳಿಕೊಟ್ರೂ ಹೋಗ್ತಾವ."

ಅಕ್ಕೋರು ಕಚ್ಚಿದ ಬಾಯನ್ನು ಬೆರಳಿನಿಂದ ತೋರಿಸಿದರು. ಮಾತಾಡುವುದಾದರೂ ಹೇಗೆ ಎಂಬಂತೆ. ಹಾಲಿನಲ್ಲಿ ನಗು. ಆ ಮೇಡಂ ಕೂಡ ನಕ್ಕರು. ನಗುವಿನ ನಡುವೆ ಅಕ್ಕೋರು ಹಿಂದೆ ಸರಿಯಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ನಾನು ಮ್ಯಾಟಿನ ಅಂಚಿನಲ್ಲಿ ಪುಡಿಯ ಡಬ್ಬಿಯ ಪಕ್ಕ ನಿಂತಿದ್ದೆ, ಅಂಗೈಗೆ ಪುಡಿ ತಿಕ್ಕುತ್ತ. ನಾಗವೇಣಿ ತಗ್ಗಿನ ಬಾರಿನಲ್ಲಿ ಮಾಡುವುದನ್ನು ಮಾಡಿ ಎತ್ತರದ ಬಾರಿಗೆ ಹೋದಳು. ಒಳ್ಳೆಯ ಆಟ. ಆಗ ನನಗೊಂದು ವಿಚಿತ್ರ ಕಂಡಿತು. ಅಕ್ಕೋರು ನಾಗವೇಣಿಯನ್ನು ನೋಡುತ್ತಿರಲಿಲ್ಲ. ಕಿಟಕಿಯ ಎದುರು ಮೂಲೆಯ ತಿರುಪನ್ನು ನೋಡುತ್ತಿದ್ದರು.

ಆಮೇಲಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆಂದರೆ, ಈಗ ನೋಡಿದ್ದು ಯಾವುದು, ನಂತರ ಸೇರಿಸಿಕೊಂಡಿದ್ದು ಯಾವುದು ಎಂದು ಬೇರೆ ಮಾಡುವುದು ಕಷ್ಟ. ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ.

ನಾಗವೇಣಿ ಕೊನೆಯ ಬೀಸಿಗೆ ಬಂದಳು. ಕಾಲುಗಳು ಮೇಲೆದ್ದವು. ಇಳಿಯುವ ಹೊತ್ತು. ಬಾಗಿಲ ಚಿಲಕ ಸರಿದಂಥ ಒಂದು ಸಣ್ಣ ಸದ್ದು ಆ ಮೂಲೆಯಿಂದ ಬಂತು. ನನ್ನ ಕಣ್ಣು ನಾಗವೇಣಿಯ ಬೆರಳುಗಳ ಮೇಲಿತ್ತು. ಅವು ತೆರೆದುಕೊಳ್ಳಲು ತಯಾರಾಗಿದ್ದವು. ಹೂಂ ಬರಲಿಲ್ಲ. ಬೆರಳುಗಳು ಮತ್ತೆ ಮುಚ್ಚಿಕೊಂಡವು.

ಉಕ್ಕಿನ ಹಗ್ಗ ಹಾವಿನ ಹಾಗೆ ನೆಲದ ಮೇಲೆ ಹೊರಳಿತು. ಇಡೀ ಚೌಕಟ್ಟು ಕಿಟಕಿಯ ಕಡೆ ಜಗ್ಗಿ, ಮರುಕ್ಷಣ ಇತ್ತ ವಾಲಿತು. ಕಿಟಕಿಯ ಕಡೆ ಮ್ಯಾಟು ಇರಲಿಲ್ಲ. ಸಿಮೆಂಟಿನ ಕಟ್ಟೆ, ಅದರ ಮೇಲೆ ಕಬ್ಬಿಣದ ಸರಳು. ಕೈ ಬಿಟ್ಟಿದ್ದರೆ ಹುಡುಗಿ ಹೋಗಿ ಬೀಳುತ್ತಿದ್ದುದು ಅಲ್ಲಿಗೇ, ತಲೆ ಕೆಳಗಾಗಿ. ಬಿಡದೆ ಇದ್ದದ್ದರಿಂದ ಬಾರಿನ ಜೊತೆಯಲ್ಲೇ ಇತ್ತ ಬಂದಳು. ಅಷ್ಟರಲ್ಲಿ ಅಕ್ಕೋರು ಒಳಗೆ ನುಗ್ಗಿಯಾಗಿತ್ತು. ಬಲಗೈ ಹುಡುಗಿಯ ಸೊಂಟಕ್ಕೆ. ಬೀಳುತ್ತಿದ್ದ ಕಂಬಕ್ಕೆ ಎಡ ಹೆಗಲು. ಹುಡುಗಿ, ಹೆಂಗಸು, ಕಬ್ಬಿಣ, ಎಲ್ಲ ಒಂದು ರಾಶಿಯಾಗಿ ಮ್ಯಾಟಿನ ಮೇಲೆ.

ಓಡಿ ಹೋದೆ. ಕಂಬ ಅಕ್ಕೋರ ಹೆಗಲ ಮೇಲಿತ್ತು. ಅವರ ಮುಖ ಬೆವರಿನಿಂದ ಹೊಳೆಯುತ್ತಿತ್ತು. ಕರಿಮಣಿ ಇನ್ನೂ ಹಲ್ಲಿನಲ್ಲೇ ಇತ್ತು. ನಾಗವೇಣಿ ಅವರ ಎದೆಯ ಮೇಲೆ ಮಲಗಿದ ಹಾಗಿದ್ದಳು, ಕಣ್ಣು ಬಿಟ್ಟುಕೊಂಡು, ಎರಡೂ ಕೈಯಲ್ಲಿ ಬಾರನ್ನು ಹಿಡಿದೇ ಇದ್ದಳು. ಸರ್ ಬಂದು "ಬಿಡು ಮಗಾ, ಬಿಡು" ಎಂದು ಬೆರಳು ಬಿಡಿಸಲು ನೋಡಿದರು. ಬಿಡಲಿಲ್ಲ. ನಾನೂ ಎಳೆದೆ. ಬಿಡಲಿಲ್ಲ.

ಆಗ ಅಕ್ಕೋರು ಗಂಟಲಿನಲ್ಲಿ ಹೂಂ ಎಂದರು.

ನಾಗವೇಣಿ ಕೈ ಬಿಟ್ಟಳು.

ಅವಳಿಗೆ ಗಲ್ಲದ ಮೇಲೆ ತರಚಿದ ಗಾಯ, ಅಷ್ಟೇ. ಅಕ್ಕೋರ ಹೆಗಲಿನ ಮೂಳೆ ಮುರಿದು ಕೀಲು ಜಾರಿತ್ತು. ಹೊನ್ನಾವರದ ಆಸ್ಪತ್ರೆಯಿಂದ ಮಂಗಳೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಿದರು. ನಾವು ನೋಡಲು ಹೋದಾಗ ಮಂಚದ ಬುಡದಲ್ಲಿ ಕೂತಿದ್ದ ಅತ್ತೆ, "ಸರ ಬಿಚ್ಚಿಟ್ಟು ಹೋಗ್ಲಿಲ್ಲ, ಅದಕ್ಕೇ ಉಳ್ದಳು" ಎಂದರು. ಅಕ್ಕೋರು ಕಣ್ಣು ಮುಚ್ಚಿಕೊಂಡೇ, "ಹೌದೇನೋ ಅತ್ತೆ. ಮುಂದಿನ ಸಲ ಎರಡು ಸರ ಹಾಕ್ಕಂಡು ಹೋಗ್ತೆ, ಹೆಗಲೂ ಉಳೀಲಿ" ಎಂದರು. ಅತ್ತೆ ಸಿಟ್ಟಾಗಿ ಹೊರಗೆ ಹೋದರು.

ಆಮೇಲೆ ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆಯ ಹಾಗೊಂದು ನಡೆಯಿತು. ಕಂಡವಳೆಂದು ನನ್ನನ್ನೂ ಕರೆದಿದ್ದರು. ಕಂಡಷ್ಟು ಹೇಳಿದೆ. ಹುರಿ ತೆಗೆಸಿದ್ದು ತಾವೇ ಎಂದು ಸರ್ ಮೊದಲೇ ಹೇಳಿಬಿಟ್ಟರು. ಕೈಯನ್ನು ಕೊರಳಿಗೆ ಜೋತು ಹಾಕಿಕೊಂಡು ಕೂತಿದ್ದ ಅಕ್ಕೋರನ್ನು ಅಧ್ಯಕ್ಷರು ಕೇಳಿದರು: "ಹೌದಾ?"

"ತೆಗಿ ಅಂದವ್ರು ಸರ್. ತೆಗ್ದ ಕೈ ನಂದು."

"ಅದು ಅಪಾಯ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಆಟ ನಿಲ್ಲಿಸಲಿಲ್ಲ?"

ಅಕ್ಕೋರು ಉತ್ತರ ಕೊಡಲಿಲ್ಲ. ಅಧ್ಯಕ್ಷರು ಆಯಿತು ಎಂದು ಎದ್ದರು. ಅವರನ್ನು ಕೋಚ್ ಮಾಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬೇಡ ಎಂದು ಸಹ ಯಾರೂ ಹೇಳಲಿಲ್ಲ. ಸರ್ ನಿವೃತ್ತರಾದರು, ಧಾರವಾಡದ ಕಡೆಯಿಂದ ಎಳೆಯ ವಯಸ್ಸಿನ ಹೊಸ ಕೋಚ್ ಬಂದ. ಹೆಗಲು ಕೂಡಿಕೊಂಡ ಮೇಲೆ ಅಕ್ಕೋರು ಮರಳಿ ಹೋಗಿ ಅವನ ಕೆಳಗೆ ಅಸಿಸ್ಟೆಂಟ್ ಆಗಿಯೇ ನಿಂತರು. ಅವನೂ ಅವರನ್ನು ಅಕ್ಕೋರೇ ಎಂದೇ ಕರೆಯುತ್ತಿದ್ದನಂತೆ. ಬಿದ್ದ ಬಾರುಗಳನ್ನು ಮಾತ್ರ ಮತ್ತೆ ಎತ್ತಿ ನಿಲ್ಲಿಸಲಿಲ್ಲ. ಎಡಗೈ ಹೆಗಲಿಗಿಂತ ಮೇಲೆ ಏಳದ ಹೆಂಗಸು ಬಾರಿನ ಕೆಳಗೆ ನಿಲ್ಲುವಂತೆಯೂ ಇರಲಿಲ್ಲ. ಅಂಗೈ ಅಗಲದ ಮರದ ಬೀಮ್ ಮೇಲೆ ನಡೆಯುವವರ ಪಕ್ಕ ಬಲಗೈ ಚಾಚಿಕೊಂಡು ನಡೆಯುತ್ತಿದ್ದರು. ಕೆಲವು ವರ್ಷಕ್ಕೆ ತಂಡಕ್ಕೆ ಹುಡುಗಿಯರೇ ಸಿಗದೆ ಅದೂ ನಿಂತಿತು, ಅವರ ಕೆಲಸವೂ ನಿಂತಿತು. ಬೀಳ್ಕೊಡುಗೆ ಸಮಾರಂಭ ಇರಲಿಲ್ಲ. ತಾತ್ಕಾಲಿಕ ಹುದ್ದೆಗೆ ಅದೆಲ್ಲ ಇರುವುದಿಲ್ಲ.

ನಾನು ಈಗ ಭಟ್ಕಳದಲ್ಲಿ ಪಾಠ ಹೇಳುತ್ತೇನೆ, ಅರ್ಥಶಾಸ್ತ್ರ. ಆಟ ಬಿಟ್ಟು ವರ್ಷಗಳಾದವು. ಆದರೂ ಹೆದ್ದಾರಿಯಲ್ಲಿ ಬಸ್ಸು ಸ್ವಲ್ಪ ಜೋರಾಗಿ ಓಲಾಡಿದರೆ ನನ್ನ ಕೈ ಮುಂದಿನ ಸೀಟಿನ ಸರಳನ್ನು ಹಿಡಿದುಬಿಡುತ್ತದೆ, ಬಸ್ಸು ನಿಂತರೂ ಬಿಡುವುದಿಲ್ಲ. ಕಾಯ್ಕಿಣಿ ಕಡೆಯ ಒಬ್ಬ ಕಂಡಕ್ಟರ್‌ಗೆ ಇದು ಗೊತ್ತಾಗಿದೆ. "ಮೇಡಂ, ಸರಳು ಬಸ್ಸಿನದ್ದು. ಬಿಟ್ಟು ಇಳೀರಿ" ಎನ್ನುತ್ತಾನೆ. ಜನ ನಗುತ್ತಾರೆ. ನಾನೂ ನಗುತ್ತೇನೆ.

ನನ್ನ ಮನಸ್ಸಿನಲ್ಲಿ ಆ ದಿನ ಮತ್ತೆ ನಡೆಯುವಾಗ ಬಾರಿನ ಮೇಲೆ ನಾಗವೇಣಿ ಇರುವುದಿಲ್ಲ. ನಾನಿರುತ್ತೇನೆ. ಕಾಲು ಮೇಲೇಳುತ್ತದೆ, ಚಿಲಕ ಸರಿದ ಸದ್ದು, ಕೈ ಬಿಡುತ್ತೇನೆ. ಪ್ರತಿ ಸಲವೂ ಬಿಡುತ್ತೇನೆ. ಕಿಟಕಿಯ ಸರಳು ಹತ್ತಿರ ಬರುತ್ತದೆ. ಯಾಕೆಂದರೆ ತಂಡದಲ್ಲಿ ಹೂಂಗಿಂತ ಅರೆಗಳಿಗೆ ಮೊದಲೇ ಕೈ ಬಿಡುವವಳೆಂದು ಹೆಸರಾಗಿದ್ದವಳು ನಾನು. "ನಿಂಗೆ ಬಸ್ಸು ತಪ್ಪಿಹೋಗ್ತದಾ ಎಂತ?" ಎಂದು ಅಕ್ಕೋರು ಎಷ್ಟೋ ಸಲ ಬೈದಿದ್ದರು.

ಈ ಸಲದ ರಜೆಯಲ್ಲಿ ಕಾಸರಕೋಡಿಗೆ ಹೋದೆ. ಸಂಜೆ ಹೊತ್ತು. ಗಾಳಿಮರಗಳ ಆಚೆ, ನೀರು ಇಳಿದು ಗಟ್ಟಿಯಾಗಿದ್ದ ಮರಳಿನ ಮೇಲೆ ಏಳೆಂಟು ಪುಟ್ಟ ಹುಡುಗಿಯರು ಚಕ್ರ ತಿರುಗಿದ ಹಾಗೆ ಲಾಗ ಹಾಕುತ್ತಿದ್ದರು. ನಡುವೆ ಅಕ್ಕೋರು. ಕೂದಲು ಅರ್ಧ ಬಿಳಿ.

"ಬಾ ಬಾ. ಇಲ್ಲಿ ನಾನೇ ಕೋಚ್, ನಾನೇ ಅಸಿಸ್ಟೆಂಟ್" ಎಂದರು. "ಇಬ್ಬರಿಗೂ ಸಂಬಳ ಇಲ್ಲ, ಅದಕ್ಕೇ ಜಗಳವೂ ಇಲ್ಲ."

ಮಕ್ಕಳು ಹೋದ ಮೇಲೆ ಅವರ ಮನೆಯ ಜಗಲಿಯಲ್ಲಿ ಕೂತೆವು. ನಾಗವೇಣಿಯ ಸುದ್ದಿ ಅವರೇ ಹೇಳಿದರು. ಮಂಕಿಯಲ್ಲೇ ಅಂಗನವಾಡಿಯಲ್ಲಿದ್ದಾಳೆ, ಪ್ರತಿ ಚೌತಿಗೆ ಬಂದು ಹೋಗುತ್ತಾಳೆ. ಕೇಳಬೇಕೆಂದೇ ಹೋಗಿದ್ದೆ, ಕೇಳಿದೆ.

"ಅಕ್ಕೋರೇ, ಅವತ್ತು ನನ್ನ ಯಾಕೆ ಹಿಂದೆ ಹಾಕಿದ್ರಿ?"

"ಇನ್ನೂ ಅದೇ ಸಿಟ್ಟಾ?"

"ಸಿಟ್ಟಲ್ಲ."

"ನಿಂಗೆ ಕಾಯೂಕೆ ಬರ್ತಿರ್ಲಿಲ್ಲ. ನಾಗವೇಣಿಗೆ ಬರ್ತಿತ್ತು. ಹುರಿ ಇಲ್ಲದ ಬಾರು ಎಂತ ಮಾಡ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ. ಕಾಯುವವಳು ಮೊದ್ಲು ಹೋದ್ರೆ ನೋಡ್ಕಳೂಕೆ ಒಂಚೂರು ಹೊತ್ತು ಸಿಗ್ತದೆ ಅಂದ್ಕಂಡೆ."

"ಮತ್ತೆ ನಿಲ್ಲಿಸಲಿಲ್ಲ ಯಾಕೆ?" ಅಧ್ಯಕ್ಷರ ಪ್ರಶ್ನೆಯೇ. ನನ್ನ ಬಾಯಿಂದ ಬಂದಾಗ ಒರಟಾಗಿ ಕೇಳಿಸಿತು.

"ಕೋಚ್ ಆದವಳು ನಿಲ್ಲಿಸ್ತಿದ್ದಳು" ಎಂದರು. "ನಾ ಅಸಿಸ್ಟೆಂಟ್ ಅಲ್ದಾ? ನಿಲ್ಲಿಸ್ತೆ ಅಂತ ಹೇಳೂಕೆ ಬಾಯಿ ಬರ್ಲಿಲ್ಲ. ಕೋಚ್ ಆಗೂ ಆಸೆಯೂ ಇತ್ತು ತಂಗಿ, ಸುಳ್ಳು ಯಾಕೆ ಹೇಳ್ಲಿ. ಅಧ್ಯಕ್ಷರು ಕೇಳಿದಾಗ ಇದನ್ನೇ ಹೇಳ್ಬೇಕಿತ್ತು. ಅವ್ರು ನಂಗೆ ಕೆಲ್ಸ ಕೊಡದಿದ್ದದ್ದು ತಪ್ಪಲ್ಲ. ನಾಗವೇಣಿ ಹತ್ರ ಹೇಳ್ದೆ, ನಿನ್ನ ಮೊದ್ಲು ಕಳಿಸಿದ್ದು ಹಿಂಗೆ ಅಂತ. ಅದು ಎಂತ ಅಂತು ಗೊತ್ತಾ? ‘ಕೆಳಗೆ ನೀವಿದ್ರಲ್ಲ’ ಅಂತು."

ಅಷ್ಟು ಹೇಳಿ ಒಳಗೆ ಹೋಗಿ ಬಾಚಣಿಗೆ ತಂದರು. ಸೊಸೆ ಪೇಟೆಗೆ ಹೋಗಿದ್ದಳು. ರಾತ್ರಿ ಅವರ ತಮ್ಮನ ಮನೆಯಲ್ಲಿ ಮಗುವಿನ ನಾಮಕರಣದ ಊಟ ಇತ್ತು. "ಈ ಕೈ ತಲೆವರೆಗೆ ಹೋಗೂದಿಲ್ಲ. ಜಡೆ ಹಾಕೂಕೆ ದಿನಾ ಯಾರಾದ್ರೂ ಬೇಕು. ನೀ ಹಾಕ್ತ್ಯಾ?"

ಅವರು ಮೆಟ್ಟಿಲ ಮೇಲೆ, ನಾನು ಜಗಲಿಯ ಅಂಚಿನಲ್ಲಿ ಅವರ ಹಿಂದೆ ಕೂತೆ. ಆ ತಲೆಯನ್ನು ನಾನು ಹಿಂದಿನಿಂದ ನೋಡಿದ್ದೇ ಇಲ್ಲ. ಅವರು ಯಾವಾಗಲೂ ನಮ್ಮ ಹಿಂದೆ ಇರುತ್ತಿದ್ದವರು. ಎಡ ಹೆಗಲು ಬಲಗಡೆಗಿಂತ ಕೆಳಗಿತ್ತು. ಕುಪ್ಪಸದ ಅಂಚಿನಲ್ಲಿ ಹೊಲಿಗೆಯ ಗುರುತು ಕಾಣುತ್ತಿತ್ತು. ಕೂದಲು ಬಾಚಿ, ಮೂರು ಪಾಲು ಮಾಡಿ, ಅವರು ನಮಗೆ ಹಾಕುತ್ತಿದ್ದ ಹಾಗೆ ಬುಡದಿಂದಲೇ ಬಿಗಿಯಾಗಿ ಹೆಣೆಯತೊಡಗಿದೆ.

"ಇನ್ನೂ ಬಿಗಿ" ಎಂದರು. "ನಾಮಕರಣಕ್ಕೆ ಹೋಗೂದು, ಹೌದು. ಆದ್ರೂ ಬಿಗಿ."

ಕೊನೆಯವರೆಗೆ ಹೆಣೆದೆ. ತುದಿಗೆ ರಬ್ಬರ್ ಹಾಕಿದೆ. ದಕ್ಕೆಯ ಕಡೆಯಿಂದ ಒಂದು ಬೋಟು ಒಳಬರುವ ಸದ್ದು ಕೇಳಿತು. ಅವರು ತಲೆ ತಿರುಗಿಸದೆ ಕಿವಿಗೊಟ್ಟು, ಗಂಡನದಲ್ಲ ಎಂದು ತಿಳಿದು, ಕರಿಮಣಿಯನ್ನು ಬೆರಳಿನಲ್ಲಿ ಸರಿ ಮಾಡಿಕೊಂಡರು. ಜಡೆ ಮುಗಿದಿತ್ತು. ನಾನು ಅದರ ತುದಿಯನ್ನು ಹಿಡಿದುಕೊಂಡು ಕೂತಿದ್ದೆ.

ಅವರಿಗೆ ಗೊತ್ತಾಯಿತು. ಸ್ವಲ್ಪ ಹೊತ್ತು ಬಿಟ್ಟು, ಗಂಟಲಿನಲ್ಲಿ, ಹೂಂ ಎಂದರು.

ಆಮೇಲೆ ಬಿಟ್ಟೆ.